ಕರ್ನಲ್ ಹೆಡರ್ ಎಲ್ಲಿಡಬೇಕು, ಹೆಸರು ಹೇಗಿಡಬೇಕು

ಲಿನಕ್ಸ್ ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಮೊದಲ ಡ್ರೈವರ್ ಬರೀತಿರೋ ಗೆಳೆಯರೇ, ಹೆಡರ್ ಫೈಲನ್ನು (ಸಿ ಫೈಲುಗಳು ಸೇರಿಸಿಕೊಳ್ಳುವ ಘೋಷಣೆಗಳ ಫೈಲು) ಕಣ್ಣುಮುಚ್ಚಿ ಇನ್‌ಕ್ಲೂಡ್/ಲಿನಕ್ಸ್ ಫೋಲ್ಡರಿಗೆ ಹಾಕಬೇಡಿ. ನಿಮ್ಮ ಡ್ರೈವರ್ ಮಾತ್ರ ಬಳಸೋದಾದರೆ ಸಿ ಫೈಲಿನ ಪಕ್ಕದಲ್ಲೇ ಇರಲಿ. ಕರ್ನಲ್‌ನ ಬೇರೆ ಸಬ್‌ಸಿಸ್ಟಮ್‌ಗೂ (ವಿಭಾಗಕ್ಕೂ) ಬೇಕಾದಾಗ ಹೊರಗೆ ತಂದರಾಯ್ತು.

ಯೂಸರ್ ಪ್ರೋಗ್ರಾಮಿಗೂ ಕಾಣಬೇಕಾದದ್ದು ಇನ್‌ಕ್ಲೂಡ್/ಯುಎಪಿಐ (ಯೂಸರ್ ಪ್ರೋಗ್ರಾಮಿಗೆ ಕರ್ನಲ್ ತೋರಿಸುವ ಭಾಗ) ಒಳಗೆ. 2012ರಲ್ಲಿ 3.7ನೇ ಆವೃತ್ತಿಯಲ್ಲಿ ಬಂದ ವಿಂಗಡಣೆ ಇದು. ಇಲ್ಲಿ ತುಂಬ ಎಚ್ಚರ ಬೇಕು. ಒಮ್ಮೆ ನಾನು ಅಂಥ ಹೆಡರಿನಲ್ಲಿ ಸ್ಟ್ರಕ್ಟ್ (ಹಲವು ಫೀಲ್ಡುಗಳ ಕಟ್ಟು) ಒಳಗೆ 'ಲಾಂಗ್' ಟೈಪ್ ಬರೆದಿದ್ದೆ. 64 ಬಿಟ್ ಕರ್ನಲ್‌ನಲ್ಲಿ ಅದು 8 ಬೈಟ್, ಮೇಲೆ ಓಡುತ್ತಿದ್ದ 32 ಬಿಟ್ ಪ್ರೋಗ್ರಾಮಿನಲ್ಲಿ 4 ಬೈಟ್. ಅದರ ನಂತರದ ಫೀಲ್ಡುಗಳೆಲ್ಲ ಜಾಗ ತಪ್ಪಿ ಕಸದ ಸಂಖ್ಯೆ ಬರುತ್ತಿತ್ತು. ಹೆಸರಿನ ಆರಂಭದಲ್ಲಿ ಎರಡು ಅಂಡರ್‌ಸ್ಕೋರ್ ಇರುವ ಯು32, ಯು64 (__u32, __u64) ಥರದ ನಿಗದಿತ ಗಾತ್ರದ ಟೈಪುಗಳನ್ನು ಮಾತ್ರ ಬಳಸಿ. ಬರೀ ಯು32 ಕರ್ನಲ್ ಒಳಗಿನ ಬಳಕೆಗೆ.

ಇನ್ನೊಂದು ಮಾತು. ಹೆಡರಿನಲ್ಲಿ ಒಂದು ಸ್ಟ್ರಕ್ಟಿನ ಪಾಯಿಂಟರ್ (ವಿಳಾಸ) ಮಾತ್ರ ಇದ್ದರೆ ಅದಕ್ಕಾಗಿ ಇನ್ನೊಂದು ಹೆಡರ್ ಎಳೆದು ತರಬೇಡಿ; 'ಸ್ಟ್ರಕ್ಟ್ ಡಿವೈಸ್;' ಅಂತ ಒಂದು ಸಾಲು ಘೋಷಿಸಿದರೆ ಸಾಕು, ಬಿಲ್ಡ್ ಹಗುರಾಗುತ್ತೆ.

ಹೆಸರಿನ ವಿಷಯ: ಲೂಪಿಗೆ 'ಐ' ಚೆನ್ನಾಗೇ ಇದೆ. ಆದರೆ ಗ್ಲೋಬಲ್ ಫಂಕ್ಷನ್ನಿಗೆ ಬರೀ 'ರೀಸೆಟ್' ಅಂತ ಇಡಬೇಡಿ, ಡ್ರೈವರಿನ ಹೆಸರು ಮುಂದೆ ಸೇರಿಸಿ. ಫೈಲಿನಾಚೆ ಬೇಡವಾದದ್ದಕ್ಕೆ 'ಸ್ಟ್ಯಾಟಿಕ್' ಹಾಕಿ.