ಉರಿಯೂತದ ಲಿಂಫ್ ನೋಡ್‌ನಲ್ಲಿ ಹೊಸ ಡೆಂಡ್ರಿಟಿಕ್ ಕೋಶ ಎಲ್ಲಿಂದ ಬಂತು? ನನ್ನ ಅನುಭವ

ಉರಿಯೂತ ಶುರುವಾದರೆ ಲಿಂಫ್ ನೋಡ್ (ರೋಗನಿರೋಧಕ ಕೋಶಗಳು ಸೇರುವ ಗಂಟು) ಬೇಗ ದಪ್ಪಗಾಗುತ್ತದೆ. ಒಳಗೆ ಡೆಂಡ್ರಿಟಿಕ್ ಕೋಶಗಳೂ (ರೋಗಾಣುವಿನ ತುಣುಕನ್ನು ಟಿ ಕೋಶಗಳಿಗೆ ತೋರಿಸುವವು) ಜಾಸ್ತಿಯಾಗುತ್ತವೆ. ಅವು ಚರ್ಮದಿಂದ ಬಂದವೋ, ರಕ್ತದ ಮಾನೊಸೈಟ್‌ಗಳು (ಒಂದು ಬಗೆಯ ಬಿಳಿ ರಕ್ತಕಣ) ರೂಪ ಬದಲಿಸಿದವೋ, ಇಲ್ಲಾ ಮೂಳೆ ಮಜ್ಜೆಯಿಂದ ಬಂದ ಪ್ರೊಜೆನಿಟರ್‌ಗಳು (ಇನ್ನೂ ಬಲಿಯದ ಮೂಲ ಕೋಶಗಳು) ನೋಡ್‌ನಲ್ಲೇ ಬೆಳೆದವೋ? ನನಗೆ ಬೇಕಾಗಿದ್ದು ಈ ಉತ್ತರ.

ನೋಡ್ ಶಾಂತವಾಗಿದ್ದಾಗ ಕೋಶದ ಮೇಲ್ಮೈಯ ಎರಡು ಗುರುತು ಪ್ರೋಟೀನ್, ಸಿಡಿ11ಸಿ ಮತ್ತು ಎಂಎಚ್‌ಸಿ-2, ಎಷ್ಟಿವೆ ಅಂತ ನೋಡಿದರೆ ಸಾಕು. ಅಲ್ಲೇ ಇರುವ ಕೋಶ ಯಾವುದು, ವಲಸೆ ಬಂದದ್ದು ಯಾವುದು ಅಂತ ಗೊತ್ತಾಗುತ್ತದೆ. ಉರಿಯೂತದಲ್ಲಿ ಆ ಗೆರೆ ಅಳಿಸಿಹೋಗುತ್ತದೆ. ಅಲ್ಲಿದ್ದವೂ ಎಂಎಚ್‌ಸಿ-2 ಏರಿಸುತ್ತವೆ, ಮಾನೊಸೈಟ್‌ಗಳಲ್ಲೂ ಸಿಡಿ11ಸಿ ಕಾಣುತ್ತದೆ. ಮಾನೊಸೈಟ್ ಮೂಲದ ಗುರುತು ಎನ್ನುವ ಸಿಡಿ64 ಒಂದನ್ನೇ ನಂಬುವಂತಿಲ್ಲ. ಟೈಪ್ 1 ಇಂಟರ್‌ಫೆರಾನ್ (ಉರಿಯೂತದ ಸಂಕೇತ ಪ್ರೋಟೀನ್) ತಾಗಿದರೆ ಸಿಡಿಸಿ2 ಎಂಬ ನಿಜವಾದ ಡೆಂಡ್ರಿಟಿಕ್ ಕೋಶ ಕೂಡ ಅದನ್ನು ತೋರಿಸುತ್ತದೆ.

ಹಾಗಾಗಿ ಪ್ರೊಜೆನಿಟರ್‌ಗೆ ಮೊದಲೇ ಗುರುತು ಇರುವ ದಾರಿ ಹಿಡಿದೆ. ಸಿಡಿ45.1 ಇಲಿಯ (ಇದರ ಕೋಶಗಳನ್ನು ಸಿಡಿ45.2 ಇಲಿಯ ಕೋಶಗಳಿಂದ ಬೇರೆಯಾಗಿ ಗುರುತಿಸಬಹುದು) ಮಜ್ಜೆಯಿಂದ ಪ್ರೀ-ಡಿಸಿ, ಅಂದರೆ ಡೆಂಡ್ರಿಟಿಕ್ ಕೋಶವಾಗಲಿರುವ ಪ್ರೊಜೆನಿಟರ್, ಸಾರ್ಟ್ ಮಾಡಿ ಬೇರ್ಪಡಿಸಿದೆ: ಸಿಡಿ11ಸಿ ಮತ್ತು ಎಫ್‌ಎಲ್‌ಟಿ3 (ಬೆಳವಣಿಗೆಯ ಸಂಕೇತ ಹಿಡಿಯುವ ಗ್ರಾಹಿ) ಇರಬೇಕು, ಎಂಎಚ್‌ಸಿ-2 ಇರಬಾರದು. ಇವು ತೀರಾ ಕಡಿಮೆ ಇರುವುದರಿಂದ ದಾನಿ ಇಲಿಗೆ ಮುಂಚೆಯೇ ಎಫ್‌ಎಲ್‌ಟಿ3 ಲಿಗ್ಯಾಂಡ್ (ಆ ಗ್ರಾಹಿಗೆ ಅಂಟಿ ಇವನ್ನು ಹೆಚ್ಚಿಸುವ ಪ್ರೋಟೀನ್) ಕೊಡುತ್ತೇನೆ. ಕೋಶ ಒಡೆದಂತೆಲ್ಲ ಅರ್ಧವಾಗುತ್ತಾ ಹೋಗುವ ಸಿಎಫ್‌ಎಸ್‌ಇ ಬಣ್ಣ ಹಾಕಿ ಸಿಡಿ45.2 ಇಲಿಯ ರಕ್ತನಾಳಕ್ಕೆ ಬಿಡುತ್ತೇನೆ. ಒಂದು ಹಿಂಗಾಲಿಗೆ ಎಲ್‌ಪಿಎಸ್ (ಉರಿಯೂತ ತರುವ ಬ್ಯಾಕ್ಟೀರಿಯಾದ ಅಂಶ), ಇನ್ನೊಂದಕ್ಕೆ ಬರೀ ಉಪ್ಪುನೀರಿನ ಸಲೈನ್. ಎಲ್‌ಪಿಎಸ್ ರಕ್ತಕ್ಕೂ ಸೋರುತ್ತದೆ ಅಲ್ವಾ, ಅದಕ್ಕೆ ಬರೀ ಸಲೈನ್ ಕೊಟ್ಟ ಬೇರೆ ಇಲಿಯೂ ಬೇಕೇ ಬೇಕು.

ನೋಡ್‌ನಿಂದ ಕೋಶಗಳನ್ನು ಬಿಡಿಸುವ ಹಂತಕ್ಕೆ ತಾಳ್ಮೆ ಬೇಕು. ಜರಡಿಯ ಮೇಲೆ ಉಜ್ಜಿದರೆ ಟಿ ಕೋಶ ಸಲೀಸಾಗಿ ಬರುತ್ತವೆ, ಡೆಂಡ್ರಿಟಿಕ್ ಕೋಶ ನಾರಿನ ಜಾಲದಲ್ಲೇ ಸಿಕ್ಕಿಕೊಳ್ಳುತ್ತವೆ. ಕೊಲಾಜಿನೇಸ್ (ನಾರು ಕತ್ತರಿಸುವ ಕಿಣ್ವ) ಮತ್ತು ಡಿಎನ್‌ಏಸ್‌ನಲ್ಲಿ (ಡಿಎನ್‌ಎ ಕತ್ತರಿಸುವ ಕಿಣ್ವ) ಬಿಡಿಸಿ, ಕೊನೆಗೆ ಕ್ಯಾಲ್ಸಿಯಂ ಹಿಡಿದಿಡುವ ಇಡಿಟಿಎ ಹಾಕಿ. ಟಿ ಕೋಶಕ್ಕೆ ಅಂಟಿಕೊಂಡವು ಆಗ ಬಿಡುತ್ತವೆ. ಇಷ್ಟಾದರೂ ಜೋಡಿಗಳು ಉಳಿಯುತ್ತವೆ. ಫ್ಲೋ ಸೈಟೋಮೀಟರ್‌ನ (ಕೋಶಗಳನ್ನು ಒಂದೊಂದಾಗಿ ಅಳೆಯುವ ಯಂತ್ರ) ಲೆಕ್ಕದಲ್ಲಿ ಬೇಕಾದ ಕೋಶ ಆರಿಸುವ ಗೇಟ್‌ನಲ್ಲಿ ಅವನ್ನು ಕಟ್ಟುನಿಟ್ಟಾಗಿ ತೆಗೆಯಿರಿ.

ದಾನಿ ಕೋಶ ಎಲ್‌ಪಿಎಸ್ ಕಡೆ ಜಾಸ್ತಿ ಸಿಕ್ಕರೆ ಸಿಎಫ್‌ಎಸ್‌ಇ ನೋಡುತ್ತೇನೆ. ಎರಡೂ ಕಡೆ ಬಣ್ಣ ಒಂದೇ ಸಮ ಇಳಿದಿದ್ದರೆ ವಿಭಜನೆ ಕಾರಣವಲ್ಲ. ಹೆಚ್ಚು ಕೋಶ ಒಳಬಂದಿರಬೇಕು, ಇಲ್ಲವೇ ಕಡಿಮೆ ಸತ್ತಿರಬೇಕು. ಒಳಬರುವುದಕ್ಕೆ ಗೊತ್ತಿರುವ ದಾರಿಯೂ ಇದೆ. ಪ್ರೊಜೆನಿಟರ್‌ಗಳು ಟಿಎಲ್‌ಆರ್ (ರೋಗಾಣುವಿನ ಅಂಶ ಗುರುತಿಸುವ ಗ್ರಾಹಿ) ಮೂಲಕ ತಾವೇ ಅಪಾಯ ಗುರುತಿಸಿ, ಮಜ್ಜೆಯಲ್ಲಿ ಹಿಡಿದಿಡುವ ಸಿಎಕ್ಸ್‌ಸಿಆರ್4 ಗ್ರಾಹಿ ಇಳಿಸಿ, ನೋಡ್‌ನತ್ತ ಸೆಳೆಯುವ ಸಿಸಿಆರ್7 ಗ್ರಾಹಿ ಏರಿಸಿಕೊಳ್ಳುತ್ತವೆ.

ಶೇಕಡಾವಾರು ಲೆಕ್ಕ ಮಾತ್ರ ಬೇಡ. ಟಿ ಮತ್ತು ಬಿ ಕೋಶಗಳು ನೋಡ್ ತುಂಬಿಕೊಂಡಾಗ ಡೆಂಡ್ರಿಟಿಕ್ ಕೋಶದ ಪಾಲು ಕುಸಿದಂತೆ ಕಾಣುತ್ತದೆ, ಸಂಖ್ಯೆ ಏರಿದ್ದರೂ. ಎಣಿಕೆಯ ಬೀಡ್ಸ್ (ಸಂಖ್ಯೆ ಮೊದಲೇ ಗೊತ್ತಿರುವ ಸಣ್ಣ ಮಣಿಗಳು) ಹಾಕಿ, ಇಡೀ ನೋಡ್‌ನ ಸಂಖ್ಯೆ ತೆಗೆಯಿರಿ.