ಮೂಗಿನ ಪೈಪಿನಲ್ಲಿ ಊಟ: ತಲೆಗೆ ಪೆಟ್ಟಾದವರಿಗೆ ಮನೆಯಲ್ಲಿ ಗಂಜಿ ಕೊಡುವ ಕ್ರಮ

ತಲೆಗೆ ಪೆಟ್ಟಾಗಿ, ಮೂಗಿನಿಂದ ಹೊಟ್ಟೆಗೆ ಇಳಿಸಿದ ಪೈಪು (ರೈಲ್ಸ್ ಟ್ಯೂಬ್) ಸಮೇತ ಮನೆಗೆ ಬಂದವರಿಗೆ ಸಾಮಾನ್ಯವಾಗಿ ಸಿಗುವುದು ಬೇಳೆಕಟ್ಟು, ಎಳನೀರು, ನೀರು ನೀರಾದ ಗಂಜಿ. ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಪೆಟ್ಟು ತಿಂದ ದೇಹ ಮಲಗಿದ್ದಲ್ಲೇ ತನ್ನ ಮಾಂಸಖಂಡವನ್ನು ಕರಗಿಸುತ್ತಿರುತ್ತದೆ. 60 ಕೆ.ಜಿ. ತೂಕದವರಿಗೆ ದಿನಕ್ಕೆ 1500ರಿಂದ 1800 ಕ್ಯಾಲೊರಿ, 70ರಿಂದ 90 ಗ್ರಾಂ ಪ್ರೋಟೀನ್ ಬೇಕು. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದರೆ ಲೆಕ್ಕ ಬೇರೆ; ಆಗ ಡಯಟಿಷಿಯನ್ ಬರೆದುಕೊಟ್ಟಂತೆಯೇ ನಡೆಯಿರಿ.

ಗಟ್ಟಿ ಮಾಡಿದರೆ ಪೈಪು ಕಟ್ಟುತ್ತದೆ, ತೆಳ್ಳಗಾದರೆ ಸತ್ವವಿಲ್ಲ. ಇದಕ್ಕೆ ದಾರಿ ಮೊಳಕೆ ಬರಿಸಿ ಒಣಗಿಸಿ ಬೀಸಿದ ರಾಗಿ ಹಿಟ್ಟು. ಮೊಳಕೆಯ ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಅಷ್ಟೇ ಹಿಟ್ಟು ಹಾಕಿದರೂ ಗಂಜಿ ತೆಳುವಾಗಿಯೇ ಉಳಿಯುತ್ತದೆ. ಆದರೆ ಕುದಿಯುವ ನೀರಿಗೆ ಹಿಟ್ಟು ಸುರಿದರೆ ಕಿಣ್ವ ಸತ್ತು ಗಂಜಿ ಮಾಮೂಲಿನಂತೆ ಗಟ್ಟಿಯಾಗುತ್ತದೆ. ತಣ್ಣೀರಿನಲ್ಲಿ ಕಲಸಿ, ಸಣ್ಣ ಉರಿಯಲ್ಲಿ ನಿಧಾನ ಬಿಸಿ ಮಾಡಿ, ಕೊನೆಗೆ ಚೆನ್ನಾಗಿ ಕುದಿಸಿ.

ಒಂದು ಸಲಕ್ಕೆ: ಹಿಟ್ಟು 20 ಗ್ರಾಂ, ಹಾಲು 150 ಮಿ.ಲೀ., ಕೆನೆ ತೆಗೆದ ಹಾಲಿನ ಪುಡಿ 10 ಗ್ರಾಂ, ಸಕ್ಕರೆ 10 ಗ್ರಾಂ, ಎಣ್ಣೆ ಒಂದು ಟೀ ಚಮಚ, ಬೇಕಷ್ಟು ನೀರು. ಸುಮಾರು 280 ಕ್ಯಾಲೊರಿ, 10 ಗ್ರಾಂ ಪ್ರೋಟೀನ್. ದಿನಕ್ಕೆ ಐದು ಸಲ ಇದು, ಎರಡು ಸಲ 40 ಗ್ರಾಂ ಹೆಸರುಬೇಳೆ ಬೇಯಿಸಿ ರುಬ್ಬಿದ್ದು. ಕಟ್ಟನ್ನಷ್ಟೇ ಬಸಿದು ಕೊಡಬೇಡಿ, ಪ್ರೋಟೀನ್ ಇರುವುದು ಬೇಳೆಯಲ್ಲಿ. ಎಲ್ಲವನ್ನೂ ತೆಳು ಬಟ್ಟೆಯಲ್ಲಿ ಸೋಸಿ. ಮಾಡಿಟ್ಟದ್ದು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು.

ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಎರಡೂವರೆ ಗಂಟೆಗೊಮ್ಮೆ ಕೊಡಿ. ಮೊದಲು ತಲೆ-ಬೆನ್ನನ್ನು 30–45 ಡಿಗ್ರಿ ಎತ್ತಿ. ತಲೆಯ ಕೆಳಗೆ ಮಾತ್ರ ದಿಂಬು ಒತ್ತಿದರೆ ಹೊಟ್ಟೆ ಮಡಿಚುತ್ತದೆ. ಮೂಗಿನ ಬಳಿ ಪೈಪಿನ ಗುರುತು ಇದ್ದಲ್ಲೇ ಇದೆಯೇ ನೋಡಿ. ಸರಿದಿದ್ದರೆ ಒಳಕ್ಕೆ ತಳ್ಳಬೇಡಿ, ಏನೂ ಹಾಕಬೇಡಿ, ನರ್ಸ್ ಕರೆಸಿ. ಸಿರಿಂಜಿನಿಂದ ಮೆಲ್ಲಗೆ ಎಳೆದಾಗ ಹಿಂದಿನ ಗಂಜಿಯೇ 200 ಮಿ.ಲೀ. ಮೀರಿ ಬಂದರೆ ಮರಳಿ ಬಿಟ್ಟು ಒಂದು ಗಂಟೆ ಕಾಯಿರಿ. ಮತ್ತೆ ಹಾಗೇ ಆದರೆ ವೈದ್ಯರಿಗೆ ತಿಳಿಸಿ. 30 ಮಿ.ಲೀ. ನೀರು ಬಿಟ್ಟು, ದಂಡ ತೆಗೆದ 50 ಮಿ.ಲೀ. ಸಿರಿಂಜನ್ನು ತಲೆಗಿಂತ ಒಂದಡಿ ಮೇಲೆ ಹಿಡಿದು ಗಂಜಿ ತಾನಾಗಿ ಇಳಿಯಲು ಬಿಡಿ: 15–20 ನಿಮಿಷ. ಒತ್ತಿ ತುಂಬಿದರೆ ವಾಂತಿ, ಅದು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. ನಡುವೆ ಕೆಮ್ಮು, ಏದುಸಿರು ಬಂದರೆ ಪೈಪು ಮಡಿಚಿ ನಿಲ್ಲಿಸಿ. ಮುಗಿದ ಮೇಲೆ ಮತ್ತೆ 30 ಮಿ.ಲೀ. ನೀರು, ಒಂದು ಗಂಟೆ ಮಲಗಿಸಬೇಡಿ. ಪೈಪು ಕಟ್ಟಿದರೆ ಬೆಚ್ಚನೆ ನೀರನ್ನು ಹಾಕಿ ಎಳೆದು ಸಡಿಲಿಸಿ. ತಂತಿ ಬೇಡವೇ ಬೇಡ.

ಫಿಟ್ಸ್‌ಗೆ ಫೆನಿಟಾಯಿನ್ ಕೊಡುತ್ತಿದ್ದರೆ ಗಂಜಿಯ ಜೊತೆಗೆ ಹಾಕಬೇಡಿ. ರಕ್ತಕ್ಕೆ ಸೇರುವುದು ಕಡಿಮೆಯಾಗಿ ಫಿಟ್ಸ್ ಮರಳಬಹುದು. ಮೊದಲೂ ಆಮೇಲೂ ಒಂದೆರಡು ಗಂಟೆ ಅಂತರ ಬೇಕು, ಊಟದ ವೇಳೆಯನ್ನು ವೈದ್ಯರೊಡನೆ ಕೂತು ಹೊಂದಿಸಿ. ನಿಧಾನ ಕರಗುವ ಮಾತ್ರೆ ಪುಡಿ ಮಾಡುವಂತಿಲ್ಲ. ಬೇಸಿಗೆ ಎಂದು ನೀರನ್ನೂ ಮನಬಂದಂತೆ ಸುರಿಯಬೇಡಿ. ಮೆದುಳಿನ ಪೆಟ್ಟಿನಲ್ಲಿ ರಕ್ತದ ಸೋಡಿಯಂ ಇಳಿಯುವುದುಂಟು, ನೀರು ಹೆಚ್ಚಾದರೆ ಅದು ಇನ್ನೂ ಇಳಿಯಬಹುದು; ಹೊಸದಾಗಿ ಮಂಪರು ಬಂದರೆ ರಕ್ತಪರೀಕ್ಷೆ ಮಾಡಿಸಿ.

ಇನ್ನು ಬಾಯಿಯ ಊಟ. ನೋಡಲು ಬಂದ ನೆಂಟರು ಪ್ರೀತಿಗೆ ಒಂದು ಗುಟುಕು ಕಾಫಿ ಹಾಕುವುದೇ ದೊಡ್ಡ ಅಪಾಯ. ನೀರು, ಕಾಫಿಯಂಥ ತೆಳುವಾದವನ್ನೇ ನುಂಗುವುದು ಕಷ್ಟ, ಕೆಲವರಿಗೆ ಶ್ವಾಸನಾಳಕ್ಕೆ ಇಳಿದರೂ ಕೆಮ್ಮೇ ಬರುವುದಿಲ್ಲ. ನುಂಗುವ ಪರೀಕ್ಷೆ ಆದ ಮೇಲೆ, ಪರೀಕ್ಷೆ ಮಾಡಿದವರು ಹೇಳಿದ ಹದದಲ್ಲಿ, ಸಾಮಾನ್ಯವಾಗಿ ಗಟ್ಟಿ ಮೊಸರು, ಮಸೆದ ಬಾಳೆಹಣ್ಣಿನಿಂದ, ಚಿಕ್ಕ ಚಮಚದಲ್ಲಿ ಶುರು. ಮುದ್ದೆ ಮೆತ್ತಗಿದ್ದರೂ ಬೇಡ, ಅದನ್ನು ಅಗಿಯದೆ ನುಂಗುತ್ತೇವೆ. ತಿಂದ ಮೇಲೆ ದನಿ ಗೊರಗೊರ ಎಂದರೆ ಅಲ್ಲಿಗೇ ನಿಲ್ಲಿಸಿ. ಬೇಕಾದ ಆಹಾರದ ಮುಕ್ಕಾಲು ಪಾಲು ಎರಡು-ಮೂರು ದಿನ ಸತತವಾಗಿ ಬಾಯಿಂದಲೇ ಹೋದಾಗ ಪೈಪು ತೆಗೆಸುವ ಮಾತು ಎತ್ತಿ. ಆಮೇಲೂ ವಾರಕ್ಕೊಮ್ಮೆ ತೂಕ ನೋಡಿ. ನಿಲ್ಲಲಾಗದವರಿಗೆ ತೋಳಿನ ಸುತ್ತಳತೆ ಬರೆದಿಡಿ.