ಸ್ಕ್ಯಾನ್ ನಾರ್ಮಲ್ ಇದ್ದರೂ ತಲೆಪೆಟ್ಟಿನ ಪರಿಹಾರ ತಗೊಂಡದ್ದು: ನನ್ನ ಅನುಭವ

"ಸಿ.ಟಿ. ನಾರ್ಮಲ್ ಇದೆ. ಆಪರೇಷನ್ ಆಗಿಲ್ಲ. ಮನುಷ್ಯ ನಡೀತಾನೆ, ಮಾತಾಡ್ತಾನೆ. ಇದಕ್ಕೆ ಯಾರು ದುಡ್ಡು ಕೊಡ್ತಾರೆ?" ಕಟ್ಟಡದ ಕೆಲಸದಲ್ಲಿ ಬಿದ್ದು ತಲೆಗೆ ಪೆಟ್ಟಾದ ನನ್ನ ದೊಡ್ಡಮ್ಮನ ಮಗನ ಕೇಸು ಕೇಳಿ, ಪುಣೆಯ ಲೇಬರ್ ಕೋರ್ಟಿನ ಹೊರಗೆ ಚಹಾದಂಗಡಿಯಲ್ಲಿ ಮೂವರು ವಕೀಲರು ನನಗೆ ಹೇಳಿದ ಮಾತು ಇದು. ನಾಲ್ಕನೆಯವರು ಹಿಡಿಯುತ್ತೇನೆ ಅಂದರು, ಆದರೆ ಬಂದದ್ದರಲ್ಲಿ ಶೇ. 20 ಕೇಳಿದರು, ಅದರ ಮೇಲೆ 15,000 ಮುಂಗಡ. ನಮ್ಮ ಮನೆಯಲ್ಲಿ ಆಗ 1,500 ಕೂಡ ಇರಲಿಲ್ಲ. ಹಾಗಾಗಿ ನಾನೇ ನಿಂತೆ. 1923ರ ನೌಕರರ ಪರಿಹಾರ ಕಾಯ್ದೆಯ ಕಲಂ 24ರಲ್ಲಿ, ಕಮಿಷನರ್ (ಪರಿಹಾರದ ಕೇಸು ಕೇಳುವವರು) ಅನುಮತಿ ಕೊಟ್ಟರೆ ವಕೀಲರಲ್ಲದವರೂ ಕಾರ್ಮಿಕನ ಪರವಾಗಿ ನಿಲ್ಲಬಹುದು ಅಂತ ಇತ್ತು. ಅರ್ಜಿ ಕೊಟ್ಟೆ, ಸಿಕ್ಕಿತು. ಅವತ್ತು ನಕ್ಕವರಲ್ಲಿ ಇಬ್ಬರು ಈಗ ಫೋನ್ ಮಾಡಿ "ಆ ಡಾಕ್ಟರ ಸರ್ಟಿಫಿಕೇಟ್ ಹೇಗೆ ಬರೆಸಿದ್ರಿ?" ಅಂತ ಕೇಳುತ್ತಾರೆ. ಸ್ವಲ್ಪ ಹೆಮ್ಮೆ ಪಟ್ಟುಕೊಂಡರೆ ತಪ್ಪಿಲ್ಲ, ಅಲ್ವಾ?

ನಾನು ಕಾನೂನು ಓದಿದವನಲ್ಲ. 14 ವರ್ಷ ಪುಣೆಯ ಸೈಟುಗಳಲ್ಲಿ ಹಾಜರಿ ಬರೆದವನು. ಪೆಟ್ಟು ತಿಂದವನು ನನ್ನ ದೊಡ್ಡಮ್ಮನ ಮಗ, ನನಗಿಂತ ಚಿಕ್ಕವನು. ಊರು ಯಾದಗಿರಿ ಕಡೆ. ವಾಘೋಲಿ ಹತ್ತಿರದ ಸೈಟಿನಲ್ಲಿ ಬಾರ್ ಬೆಂಡರ್ (ಕಬ್ಬಿಣದ ರಾಡು ಬಗ್ಗಿಸುವವನು) ಆಗಿದ್ದ. ವಯಸ್ಸು 31, ದಿನಕ್ಕೆ 850 ರೂಪಾಯಿ. 2021ರ ಆಗಸ್ಟ್, ಮಳೆ. ಸೆಂಟ್ರಿಂಗ್ ಪ್ಲೇಟಿನ ಮೇಲಿಂದ ಜಾರಿ ಸುಮಾರು 12 ಅಡಿ ಕೆಳಗೆ ಬಿದ್ದ. ಆಸ್ಪತ್ರೆಯಲ್ಲಿ ಜಿ.ಸಿ.ಎಸ್. (ಎಚ್ಚರದ ಅಳತೆ, ಪೂರ್ತಿ ಎಚ್ಚರ ಅಂದರೆ 15) 13 ಅಂತ ಬರೆದರು. ಮೊದಲ ಸಿ.ಟಿ.ಯಲ್ಲಿ ಹಣೆಯ ಹಿಂದೆ ಸಣ್ಣ ರಕ್ತದ ಗುರುತು ಇತ್ತು. ಡಿಸ್ಚಾರ್ಜಿಗೆ ಮುಂಚೆ ತೆಗೆದ ಎರಡನೆಯದರಲ್ಲಿ ಅದೂ ಇಲ್ಲ. ಆರನೇ ದಿನ ಮನೆಗೆ ಕಳಿಸಿದರು.

ಇಪ್ಪತ್ತು ದಿನ ಎಲ್ಲರೂ ಹುಷಾರಾದ ಅಂದುಕೊಂಡೆವು. ಒಂದು ದಿನ ಒಲೆಯ ಮೇಲೆ ಹಾಲು ಸೀದು ಪಾತ್ರೆ ಕರ್ರಗಾಯಿತು. ಅವನು ಅದರ ಪಕ್ಕದಲ್ಲೇ ಕೂತಿದ್ದ. ಹೆಂಡತಿ ನೀರಿನ ಕೊಡ ಹೊತ್ತು ಓಡಿ ಬಂದು ಆರಿಸಿದಳು. "ಭಾವಾ, ಇವ್ರಿಗೆ ವಾಸನಿನೇ ಬರವಲ್ದು" ಅಂತ ನನಗೆ ಫೋನ್ ಮಾಡಿದಳು. ನಾನು ಸುಮ್ನೆ ಇರದೆ ಸಂಜೆ ಹೋಗಿ ಕಣ್ಣು ಕಟ್ಟಿ ಪರೀಕ್ಷೆ ಮಾಡಿದೆ. ಕಾಫಿ ಪುಡಿ, ಇಂಗು, ಊದುಬತ್ತಿ, ಥಿನ್ನರ್. ನಾಲ್ಕಕ್ಕೂ "ಏನಿಲ್ಲಣ್ಣಾ" ಅಂದ. ಇಂಗಿನ ಡಬ್ಬಿ ಮೂಗಿಗೇ ಹಿಡಿದಿದ್ದೆ. ತಲೆಯ ಮುಂಭಾಗಕ್ಕೆ ಪೆಟ್ಟು ಬಿದ್ದರೆ ವಾಸನೆಯ ನರ ಹರಿಯುವುದುಂಟು ಅಂತ ನರರೋಗದ ಡಾಕ್ಟರು ಆಮೇಲೆ ಹೇಳಿದರು. ಕೋರ್ಟಿನಲ್ಲಿ ನನ್ನ ಇಂಗಿನ ಪರೀಕ್ಷೆಗೆ ಕಿಮ್ಮತ್ತು ಇರಲಿಲ್ಲ. ಆದರೆ ಡಾಕ್ಟರು ತಾವೇ ಮತ್ತೆ ನೋಡಿ ರಿಪೋರ್ಟಿಗೆ ಸೇರಿಸಿದರು, ಅದಕ್ಕೆ ಇತ್ತು.

ಮಾಲೀಕನಿಗೆ ನೋಟಿಸು, ಅರ್ಜಿಯ ಫಾರ್ಮು, ಅರ್ಜಿ ಹಾಕಲು ಎರಡು ವರ್ಷದ ಗಡುವು, ಇದೆಲ್ಲ ಈ ಕೆಲಸ ಮಾಡುವವರಿಗೆ ಗೊತ್ತೇ ಇದೆ. ಇ.ಎಸ್.ಐ. (ಕಾರ್ಮಿಕರ ಸರ್ಕಾರಿ ವಿಮೆ) ನಂಬರ್ ಇದೆಯಾ ಅಂತ ಮೊದಲು ನೋಡಿದೆ. ಇರಲಿಲ್ಲ. ಇದ್ದಿದ್ದರೆ ಈ ದಾರಿಯೇ ಮುಚ್ಚುತ್ತಿತ್ತು.

ಲೇಬರ್ ಕಂತ್ರಾಟುದಾರ ಮೊದಲು "ಇವನು ನನ್ನ ಆಳೇ ಅಲ್ಲ" ಅಂದ. ಹಾಜರಿ ಪುಸ್ತಕ ಅವನ ಹತ್ತಿರವೇ ಇತ್ತು. ನಾವು, ಅವನು ವಾರದ ಖರ್ಚಿ (ಕೂಲಿಯ ಮುಂಗಡ) ಫೋನಿನಲ್ಲಿ ಹಾಕಿದ್ದರ 31 ಸ್ಕ್ರೀನ್‌ಶಾಟ್ ತೆಗೆದೆವು. ಪ್ರತಿ ಭಾನುವಾರ 1,000, 1,500. ಕಲಂ 12ರಲ್ಲಿ (ಕೆಲಸ ಕಂತ್ರಾಟಿಗೆ ಕೊಟ್ಟವನೂ ಹೊಣೆ) ಬಿಲ್ಡರನ್ನೂ ಎಳೆದೆ. ಅವನ ಇನ್ಶೂರೆನ್ಸ್ ಪಾಲಿಸಿ ನಂಬರ್ ಹೇಗೆ ಸಿಕ್ಕಿತು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಆ ದಾರಿ ಇನ್ನೂ ನಾಲ್ಕು ಕೇಸಿಗೆ ಬೇಕು ನನಗೆ.

ಆಮೇಲೆ ಕುಡಿದಿದ್ದ ಅಂತ ಶುರು ಮಾಡಿದರು. ಇದು ಬರೀ ಬಾಯಿಮಾತಿನ ಆರೋಪ ಅಂತ ಬಿಡಬೇಡಿ. ಸಾವು ಅಥವಾ ಪೂರ್ತಿ ಅಂಗವೈಕಲ್ಯ ಆದರೆ ಈ ವಾದ ನಡೆಯುವುದಿಲ್ಲ. ಭಾಗಶಃ ಅಂತಾದರೆ ನಡೆಯುತ್ತದೆ, ಕುಡಿತದಿಂದಲೇ ಬಿದ್ದ ಅಂತ ತೋರಿಸಿದರೆ ಪೂರ್ತಿ ಹಣ ಹೋಗುತ್ತದೆ. ನಮ್ಮನ್ನು ಉಳಿಸಿದ್ದು ತುರ್ತು ವಿಭಾಗದ ಕೇಸ್ ಪೇಪರಿನ ಒಂದು ಸಾಲು: ಬಾಯಲ್ಲಿ ಮದ್ಯದ ವಾಸನೆ ಇಲ್ಲ. ರಾತ್ರಿ ಪಾಳಿಯ ಯಾರೋ ಚಿಕ್ಕ ಡಾಕ್ಟರು ಗೀಚಿದ್ದು. ಅವರಿಗೆ ನನ್ನ ಕೈ ಮುಗಿದ ನಮಸ್ಕಾರ. ಡಿಸ್ಚಾರ್ಜ್ ಕಾರ್ಡಿನಲ್ಲಿ ಆ ಸಾಲು ಬರುವುದಿಲ್ಲ. ಒಳಗಿನ ಪೂರ್ತಿ ಕಾಗದಗಳ ನಕಲನ್ನೇ ತೆಗೆಸಬೇಕು. ನನಗೆ 600 ರೂಪಾಯಿ ಮತ್ತು ಐದು ಓಡಾಟ ಬಿತ್ತು.

ನನ್ನ ಪೆದ್ದುತನವನ್ನೂ ಹೇಳಬೇಕು. ದಿನಗೂಲಿ 850 ಅಂತ ಸಾಬೀತು ಮಾಡಲು ಮೂರು ತಾರೀಖು ಕಳೆದೆ. ಇಬ್ಬರು ಸಾಕ್ಷಿಗಳನ್ನು ಊರಿಂದ ಕರೆಸಿದೆ, ಅವರ ಕೂಲಿ, ಊಟ ಎಲ್ಲಾ ನನ್ನದೇ. ಆಮೇಲೆ ಕೋರ್ಟಿನ ಗುಮಾಸ್ತರೊಬ್ಬರು ಮೆಲ್ಲಗೆ "ಲೆಕ್ಕಕ್ಕೆ ಹಿಡಿಯೋದು ತಿಂಗಳಿಗೆ 15,000 ಮಾತ್ರ, ಮೇಲಿಂದು ಯಾಕೆ ಹೊಡೆದಾಡ್ತೀರಿ?" ಅಂದರು. 2020ರ ಜನವರಿ 3ರಿಂದ ಮಿತಿ 15,000 ಆಗಿತ್ತು. ಅದಕ್ಕೆ ಮುಂಚೆ 8,000 ಇತ್ತು. 26 ದಿನಕ್ಕೆ 850 ಅಂದರೆ 22,000 ದಾಟುತ್ತದೆ. ಅದರಲ್ಲಿ 7,000 ಲೆಕ್ಕಕ್ಕೇ ಇಲ್ಲ. ಸಾಕ್ಷಿಗಳಿಗೆ ಹಾಕಿದ ಸುಮಾರು 6,000 ನೀರಿನಲ್ಲಿ ಹೋಮ.

ನಿಜವಾದ ಕಷ್ಟ ಬಂದದ್ದು ತಲೆಯ ವಿಷಯದಲ್ಲಿ. ಕೈ ಹೋದರೆ, ಬೆರಳು ಹೋದರೆ ಕಾಯ್ದೆಯ ಮೊದಲ ಷೆಡ್ಯೂಲ್‌ನಲ್ಲಿ ಶೇಕಡಾವಾರು ಬರೆದೇ ಇತ್ತು. ತಲೆಯ ಒಳಗಿನದಕ್ಕೆ ಅಲ್ಲಿ ಜಾಗವಿರಲಿಲ್ಲ. ದುಡಿಯುವ ಶಕ್ತಿ ಎಷ್ಟು ಕಡಿಮೆಯಾಯಿತು ಅಂತ ಡಾಕ್ಟರೇ ಹೇಳಬೇಕು. ನಾನು ಶೇ. 35 ಅಂಗವೈಕಲ್ಯ ಅಂತ ಒಂದು ಸರ್ಟಿಫಿಕೇಟ್ ತಂದು ಹಾಕಿದೆ. ಎದುರಿನ ವಕೀಲ ಒಂದೇ ಮಾತಿನಲ್ಲಿ ಹೊಡೆದ: "ಇದು ದೇಹದ ಲೆಕ್ಕ, ದುಡಿಮೆಯದಲ್ಲ." ಸರಿಯಾಗೇ ಹೇಳಿದ, ಏನು ಮಾಡೋದು.

ಮಾನಸಿಕ ಪರೀಕ್ಷೆಯ ಕಥೆ ಇನ್ನೂ ಕೆಟ್ಟದ್ದು. ಇಲ್ಲಿ ಒಂದು ಕಡೆ 30 ಅಂಕದ ಪರೀಕ್ಷೆಯನ್ನು ಹಿಂದಿಯಲ್ಲಿ ಮಾಡಿಸಿದೆವು. 17 ಬಂತು. "ಐದನೇ ಕ್ಲಾಸು, ಹಿಂದಿ ಬರಲ್ಲ, ಅಂಕ ಕಡಿಮೆ ಬರದೆ ಇನ್ನೇನು?" ಅಂದರು ಎದುರಿನವರು. ಅದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಹೊಳೆಯಿತು: ಪರೀಕ್ಷೆಯನ್ನು ಕನ್ನಡದಲ್ಲೇ ಮಾಡಿಸಿದರೆ?

ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದೆವು, ನಿಮ್ಹಾನ್ಸ್‌ಗೆ. ಅವರು ಹೋಲಿಸುವ ಪಟ್ಟಿ ವಯಸ್ಸಿಗೆ ಬೇರೆ, ಓದಿಗೆ ಬೇರೆ ಇರುತ್ತದೆ. ಅಂದರೆ ಐದನೇ ಕ್ಲಾಸು ಓದಿದವನನ್ನು ಅಷ್ಟೇ ಓದಿದವರ ಜೊತೆ ತೂಗುತ್ತಾರೆ. ಎರಡು ದಿನ ಕೂರಿಸಿ ಕನ್ನಡದಲ್ಲೇ ಮಾಡಿದರು. ಗಮನ, ನೆನಪು, ಒಂದಾದ ಮೇಲೊಂದು ಕೆಲಸ ಜೋಡಿಸುವುದು, ಮೂರೂ ಕೆಳಗೆ. ಓದಿನ ನೆಪ ಅಲ್ಲಿಗೆ ಮುಗಿಯಿತು. ಓಡಾಟ, ಛತ್ರ, ಪರೀಕ್ಷೆ ಸೇರಿ 9,000 ಚಿಲ್ಲರೆ ಆಯಿತು.

ಆ ರಿಪೋರ್ಟನ್ನು ನೇರ ಕೋರ್ಟಿಗೆ ಹಾಕಿದ್ದೂ ತಪ್ಪೇ. ಪರೀಕ್ಷೆ ಮಾಡಿದವರು ಸೈಕಾಲಜಿಸ್ಟ್ (ಮನಶ್ಶಾಸ್ತ್ರಜ್ಞರು), ಕಾಯ್ದೆ ಹೇಳುವ ವೈದ್ಯರಲ್ಲ ಅಂತ ತಕರಾರು ಬಂತು. ಮತ್ತೆ ಪುಣೆಯ ನರರೋಗ ಡಾಕ್ಟರ ಹತ್ತಿರ ಹೋದೆ. ಆ ರಿಪೋರ್ಟ್ ಓದಿ, ಮನುಷ್ಯನನ್ನು ನೋಡಿ, ಬಾರ್ ಬೆಂಡರ್ ಕೆಲಸದಲ್ಲಿ ದುಡಿಯುವ ಶಕ್ತಿ ಶೇ. 60 ಕಳೆದಿದೆ ಅಂತ ಅವರು ಬರೆದರು. ಬಾರ್ ಬೆಂಡರ್ ಅಂದರೆ ಏನು ಅಂತ ಅವರಿಗೆ ಗೊತ್ತಿರಲಿಲ್ಲ. ಅದಕ್ಕೆ ನಾನು ಒಂದು ವಿಡಿಯೊ ತೋರಿಸಿದ್ದೆ.

ಈ ವಿಡಿಯೊ ನನ್ನ ಸ್ವಂತ ಐಡಿಯಾ. ಗೆಳೆಯನ ಸೈಟಿನಲ್ಲಿ ಒಂದು ಭಾನುವಾರ ರಿಂಗ್ (ಕಂಬದ ರಾಡುಗಳನ್ನು ಸುತ್ತಿ ಹಿಡಿಯುವ ಚೌಕಟ್ಟು) ಬಗ್ಗಿಸುವ ಹಲಗೆ ಕೇಳಿ ತಗೊಂಡೆ. 9-18 ಇಂಚಿನ ಕಂಬ, ಅದಕ್ಕೆ 6-15 ಇಂಚಿನ ರಿಂಗು, ಕೊಕ್ಕೆ ಸೇರಿ ನಾಲ್ಕು ಅಡಿ ತುಂಡು. ಇದನ್ನು ಇವನು ಮೊದಲು ಬೀಡಿ ಸೇದುತ್ತಾ, ಹರಟೆ ಹೊಡೆಯುತ್ತಾ ಮಾಡುತ್ತಿದ್ದ. ಕತ್ತರಿಸಿದ 20 ತುಂಡು ಮುಂದಿಟ್ಟು ಫೋನ್ ನಿಲ್ಲಿಸಿದೆ. ಮೊದಲ ಮೂರು ಚೆನ್ನಾಗಿ ಬಂದವು. ನನಗೇ ಎದೆ ಧಸಕ್ ಅಂತು, ಕೇಸು ಹೋಯಿತು ಅಂದುಕೊಂಡೆ. ನಾಲ್ಕನೆಯದರಲ್ಲಿ ಉದ್ದ ಬದಿ ಬಗ್ಗಿಸಿದ ಮೇಲೆ ಮತ್ತೆ ಉದ್ದವನ್ನೇ ಬಗ್ಗಿಸಿದ. ಬಿಚ್ಚಿದ. ಮತ್ತೆ ಅದೇ. ಆರನೆಯದಕ್ಕೆ ಕೈಯಲ್ಲಿ ರಾಡು ಹಿಡಿದು ನಿಂತ. ಎಷ್ಟೋ ಹೊತ್ತು ನಿಂತ. ನನ್ನ ಕಡೆ ತಿರುಗಿ "ಅಣ್ಣಾ, ನಾ ಏನ್ ಮಾಡ್ಲಕತ್ತಿದ್ದೆ?" ಅಂದ. ಮುಕ್ಕಾಲು ಗಂಟೆಯಲ್ಲಿ ಸರಿಯಾದವು ಏಳು. ಪಕ್ಕದಲ್ಲಿ ಅದೇ 20 ತುಂಡನ್ನು ಇನ್ನೊಬ್ಬ ಹುಡುಗ ಇಪ್ಪತ್ತೇ ನಿಮಿಷದಲ್ಲಿ ಮುಗಿಸಿದ, ಅವನದನ್ನೂ ತೆಗೆದಿಟ್ಟಿದ್ದೆ. ಡಾಕ್ಟರು ಎರಡನ್ನೂ ಪೂರ್ತಿ ನೋಡಿದರು. ಕೋರ್ಟಿಗೆ ಬಂದಾಗ ಅಡ್ಡಪ್ರಶ್ನೆಯಲ್ಲಿ ಅವರು ರಿಂಗಿನ ಬಗ್ಗೆ ಮಾತಾಡಿದ್ದು ಕೇಳಿದರೆ ಹತ್ತು ವರ್ಷ ಸೈಟಿನಲ್ಲಿದ್ದವರು ಅನ್ನಬೇಕು. ಅವತ್ತಿನ ಅವರ ಫೀಸು 10,000.

ಇದಲ್ಲದೆ ಮನೆಯಲ್ಲಿ ಚೌಕಾಬಾರ ಆಡಿಸಿ ನೋಡಿದೆ. ತನ್ನ ಸರದಿ ಮರೆಯುತ್ತಿದ್ದ, ಮಕ್ಕಳು ನಗುತ್ತಿದ್ದರು, ಅವನು ಕವಡೆ ಎಸೆದು ಎದ್ದು ಹೋದ. ನಿಲ್ಲಿಸಿಬಿಟ್ಟೆ. ದೊಡ್ಡಮ್ಮ ಬ್ರಾಹ್ಮಿ ತುಪ್ಪ ತಿನ್ನಿಸಿದಳು ಆರು ತಿಂಗಳು. ಗುಣ ಏನೂ ಕಾಣಲಿಲ್ಲ, ಬಿಲ್ಲೂ ಇರಲಿಲ್ಲ. ಅವನ ಹೆಂಡತಿ ಬರೆದಿಟ್ಟ ನೋಟ್‌ಬುಕ್ ಮಾತ್ರ ಚೆನ್ನಾಗಿ ಕೆಲಸ ಮಾಡಿತು. ದಿನಾ ಎರಡೇ ಸಾಲು. "ಸ್ವಾರ್‌ಗೇಟಿಗೆ ಹೋಗಿ ಕಾತ್ರಜ್ ಬಸ್ ಹತ್ತದೆ ಬೇರೆ ಬಸ್ ಹತ್ತಿದರು, ಪೊಲೀಸರು ಫೋನ್ ಮಾಡಿದರು." "ಮಗಳಿಗೆ ಹೊಡೆದರು. ಮೊದಲು ಹೊಡೆದಿದ್ದಿಲ್ಲ." ಒಂದೇ ದಿನ ಕೂತು ಬರೆದದ್ದಲ್ಲ ಅಂತ ಶಾಯಿ, ಎಣ್ಣೆ ಕಲೆ ನೋಡಿದರೇ ತಿಳಿಯುತ್ತಿತ್ತು.

ಎಲ್ಲಾ ಸರಿಹೋಯಿತು ಅನ್ನುವಾಗ ಎದುರಿನವರು ಒಂದು ಫೋಟೊ ತಂದರು. ಇವನು ರಾತ್ರಿ ಒಂದು ಸೊಸೈಟಿಯಲ್ಲಿ ವಾಚ್‌ಮನ್ ಕುರ್ಚಿಯಲ್ಲಿ ಕೂತದ್ದು! ನನಗೇ ಹೇಳಿರಲಿಲ್ಲ. ಮನೆ ಬಾಡಿಗೆ ಕಟ್ಟಬೇಕಲ್ಲ, ಹೋಗಿದ್ದಾನೆ. ನಾನು ಬೆವರಿದೆ. ಆದರೆ ಮುಂದಿನ ತಾರೀಖಿಗೆ ಆ ಕೆಲಸದ ಸಂಬಳದ ಚೀಟಿಯನ್ನು ನಾನೇ ಹಾಕಿದೆ: ದಿನಕ್ಕೆ 350. 850 ದುಡಿಯುತ್ತಿದ್ದವನು 350ಕ್ಕೆ ಇಳಿದರೆ ಹೋದದ್ದು ಎಷ್ಟು? ಹತ್ತಿರ ಹತ್ತಿರ ಶೇ. 60. ಡಾಕ್ಟರು ಹೇಳಿದ್ದೂ ಅಷ್ಟೇ. ಅವರ ಫೋಟೊ ನಮ್ಮ ಸಾಕ್ಷಿಯಾಯಿತು. 1976ರಲ್ಲಿ ಸುಪ್ರೀಂ ಕೋರ್ಟ್ ಎಡಗೈ ಕಳೆದುಕೊಂಡ ಬಡಗಿಯ ಕೇಸಿನಲ್ಲಿ, ಒಂದು ಕೈಯಲ್ಲಿ ಬಡಗಿ ಕೆಲಸ ಆಗದು, ಹಾಗಾಗಿ ನಷ್ಟ ಪೂರ್ತಿ ಶೇ. 100 ಅಂತ ಹೇಳಿತ್ತು. ಅದನ್ನೂ ಜೊತೆಗಿಟ್ಟೆ. ಕಂತ್ರಾಟುದಾರನಿಗೆ ನಾನು ಕೇಳಿದ ಕೊನೆಯ ಪ್ರಶ್ನೆ ಮಾತ್ರ ಹೇಳುವುದಿಲ್ಲ. ಎದುರು ವಕೀಲರಲ್ಲೂ ಕನ್ನಡ ಓದುವವರು ಇದ್ದಾರೆ.

ನಡುವೆ ರಾಜಿಯ ಮಾತು ಎರಡು ಸಲ ಬಂತು. ಮೊದಲು 80,000, ಖಾಲಿ ಸ್ಟಾಂಪ್ ಪೇಪರಿಗೆ ಸಹಿ. ಆಮೇಲೆ ಎರಡೂವರೆ ಲಕ್ಷ. ಎರಡನೇ ಸಲ ಮನೆಯಲ್ಲಿ ಜಗಳವೇ ಆಯಿತು. "ಕೈಗೆ ಬಂದಿದ್ದು ತಗೊಳ್ಳೋಣ" ಅಂತ ದೊಡ್ಡಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಆಗ ಒಂದು ಹಾಳೆಯಲ್ಲಿ ಲೆಕ್ಕ ಬರೆದು ತೋರಿಸಿದೆ: 15,000ದ ಶೇ. 60 ಅಂದರೆ 9,000. 31 ವಯಸ್ಸಿಗೆ ಕಾಯ್ದೆಯ ಪಟ್ಟಿಯ ಗುಣಕ 205.95. ಗುಣಿಸಿದರೆ 18 ಲಕ್ಷ 53 ಸಾವಿರ. ಅದರಲ್ಲಿ ನಷ್ಟದ ಶೇ. 60 ಹಿಡಿದರೆ 11 ಲಕ್ಷ 12 ಸಾವಿರ. (ಶೇ. 60 ಎರಡು ಸಲ ಬರುತ್ತದೆ. ಮೊದಲನೆಯದು ಕಾಯ್ದೆಯದು, ಎರಡನೆಯದು ಡಾಕ್ಟರದು. ನಾನೂ ಮೊದಲು ಗೊಂದಲ ಮಾಡಿಕೊಂಡಿದ್ದೆ.) ದೊಡ್ಡಮ್ಮ ಹಾಳೆ ಮಡಚಿ ದೇವರ ಹಿಂದೆ ಇಟ್ಟಳು.

2024ರ ಡಿಸೆಂಬರ್‌ನಲ್ಲಿ ಆದೇಶ ಬಂತು. ಅದೇ 11 ಲಕ್ಷ 12 ಸಾವಿರ, ಮೇಲೆ ಶೇ. 12 ಬಡ್ಡಿ ನಾಲ್ಕೂವರೆ ಲಕ್ಷದ ಹತ್ತಿರ. ಆಸ್ಪತ್ರೆ ಬಿಲ್ಲು 1 ಲಕ್ಷ 90 ಸಾವಿರ ಕೇಳಿದ್ದೆ, ರಸೀದಿ ಇದ್ದದ್ದಕ್ಕೆ ಮಾತ್ರ 1 ಲಕ್ಷ 30 ಸಾವಿರ ಚಿಲ್ಲರೆ ಕೊಟ್ಟರು. ನಮ್ಮ ಖರ್ಚು ಎಲ್ಲಾ ಸೇರಿ 46,000 ಇರಬಹುದು, ನನ್ನ 20-25 ದಿನದ ಕೂಲಿ ಬಿಟ್ಟು. ಶೇ. 20 ಕೊಟ್ಟಿದ್ದರೆ ಮೂರು ಲಕ್ಷದ ಮೇಲೆ ಹೋಗುತ್ತಿತ್ತು.

ನಮ್ಮದು 1923ರ ಕಾಯ್ದೆಯ ಕೇಸು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ನನ್ನ ಕಲಂ ನಂಬರುಗಳನ್ನು ಹಾಗೇ ನಕಲು ಹೊಡೆಯಬೇಡಿ. ಹಣ ತಡ ಮಾಡಿದ್ದಕ್ಕೆ ದಂಡದ ಅರ್ಜಿ ಇನ್ನೂ ನಡೆಯುತ್ತಿದೆ. ಅದು ಇನ್ಶೂರೆನ್ಸಿನವರ ಮೇಲೆ ಬರುವುದಿಲ್ಲ, ಮಾಲೀಕನ ಜೇಬಿನಿಂದಲೇ ಬರಬೇಕು. ಅದಕ್ಕೇ ಕಂತ್ರಾಟುದಾರ ಈಗ ದಿನಾ ಫೋನ್ ಮಾಡುತ್ತಿದ್ದಾನೆ. ನಾನು ಎತ್ತುತ್ತಿಲ್ಲ.